ಹಿಂದಿನ ವರ್ಷದ ಊಟ

ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಮೈಗೆ ಹತ್ತಿರಲಿಲ್ಲ. ಬೆಳಗಿನ ಹತ್ತೂಕಾಲರ ಹೊತ್ತು. ಇದು ಶುರುವಾದದ್ದು ಆಗ, ವಿಶ್ವವಿದ್ಯಾಲಯದ ಆಹಾರ ವಿಭಾಗದ ತೂಕದ ಕೋಣೆಯಲ್ಲಿ.

ಕೋಣೆ ದೊಡ್ಡದೇನಲ್ಲ. ಒಂದು ಕಿಟಕಿ, ಒಂದು ಕಲ್ಲಿನ ಕಟ್ಟೆ, ಮೂಲೆಯಲ್ಲಿ ಒಣಗಿಸುವ ಒಲೆ. ಮೂಟೆ ತೂಗುವ ತಕ್ಕಡಿ ನೆಲದ ಮೇಲೆ, ತಟ್ಟೆ ತೂಗುವುದು ಕಟ್ಟೆಯ ಮೇಲೆ. ಮೂರನೆಯ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗೆ ಕೂತಿತ್ತು. ಉಸಿರು ತಾಗಿದರೂ ಅದರ ಅಂಕಿ ಅಲುಗುತ್ತಿತ್ತು. ಪಕ್ಕದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬೇಯಿಸಿದ್ದೆಲ್ಲ ಇಲ್ಲಿಗೆ ಮೂರು ಸಲ ಬರಬೇಕು: ಹಸಿಯಾಗಿದ್ದಾಗ ಒಮ್ಮೆ, ಬೆಂದ ಮೇಲೆ ಒಮ್ಮೆ, ತಿಂದು ಮಿಕ್ಕಿದ್ದು ಒಮ್ಮೆ. ತೂಗಿ, ದಫ್ತರದಲ್ಲಿ ಬರೆದು, ಸಹಿ ಹಾಕುವವನು ಒಬ್ಬನೇ. ಎಲ್ಲರೂ ಅವನನ್ನು ತಕ್ಕಡಿ ಮಾಮ ಅಂತ ಕರೆಯುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಗ್ರಾಂ ಆಚೀಚೆ ಆದದ್ದಿಲ್ಲ ಅನ್ನುವುದು ಅಲ್ಲಿ ಗಾದೆಯಾಗಿಬಿಟ್ಟಿತ್ತು.

ಅವನ ಹೆಂಡತಿ ತೀರಿಕೊಂಡು ಆಗ ಒಂಬತ್ತು ತಿಂಗಳು. ವಿಭಾಗದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ. ಬೇಸಿಗೆ ರಜೆಯ ಎರಡನೇ ವಾರ ಜ್ವರ ಬಂತು, ಮೂರು ದಿನ ಮಲಗಿದಳು, ನಾಲ್ಕನೆಯ ದಿನ ಇಲ್ಲ. ಆಗ ವಿಭಾಗಕ್ಕೆ ಬೀಗ ಬಿದ್ದಿತ್ತು. ರಜೆ ಮುಗಿದು ಬಾಗಿಲು ತೆರೆದಾಗ ಗುಮಾಸ್ತ, "ಏನ್ ಮಾಮ, ರಜೆ ಹೇಗಾಯ್ತು?" ಅಂದ. "ಆಯ್ತಪ್ಪ" ಅಂದ ಇವನು. ಅಲ್ಲಿಗೆ ಹೇಳುವ ಹೊತ್ತು ದಾಟಿತು. ಮಾರನೆಯ ದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಅನ್ನುತ್ತಾರೆ. ತಿಂಗಳು ಬಿಟ್ಟು ಹೇಳಿದರೆ ತಿಂಗಳಿಡೀ ಏನು ಮಾಡ್ತಿದ್ದೆ ಅನ್ನುತ್ತಾರೆ. ಹಾಗೆ ಒಂಬತ್ತು ತಿಂಗಳು ಕಳೆಯಿತು.

ದುಃಖ ಅಂತಾರಲ್ಲ, ಅದೂ ಅವನಿಗೆ ನೆಟ್ಟಗೆ ಬಂದಿರಲಿಲ್ಲ. ಜೋಮು ಹಿಡಿದ ತೋಳಿನ ಹಾಗೆ ಇದ್ದ. ತೋಳು ಇದೆ, ಮುಟ್ಟಿದರೆ ಯಾರದೋ ಅನ್ನಿಸುತ್ತೆ. ಬೆಳಿಗ್ಗೆ ಏಳುತ್ತಿದ್ದ, ಚಹಾ ಕಾಯಿಸುತ್ತಿದ್ದ, ಬ್ರೆಡ್ಡು ಅದ್ದಿ ತಿನ್ನುತ್ತಿದ್ದ, ಕೆಲಸಕ್ಕೆ ಬರುತ್ತಿದ್ದ. ಸಂಜೆ ಮತ್ತೆ ಚಹಾ. ಹಸಿವು ಅನ್ನುವುದು ಬಂದರೆ ತಾನೆ ಒಲೆ ಹಚ್ಚುವುದು.

ಆ ಬೆಳಿಗ್ಗೆ ಕೋಣೆಯ ಬಾಗಿಲು ತಳ್ಳಿಕೊಂಡು ಬಂದವಳು ಕೊನೆಯ ವರ್ಷದ ಒಬ್ಬ ಹುಡುಗಿ. ಗೆಳತಿಯರು ಅವಳಿಗೆ ರೇಡಿಯೋ ಅಂತ ಹೆಸರಿಟ್ಟಿದ್ದರು. ಕಿವಿ ಹಿಂಡಿದರೂ ನಿಲ್ಲದ ಬಾಯಿ.

"ಮಾಮ, ನಿಮಗೆ ವಯಸ್ಸೆಷ್ಟು?"

"ಅರವತ್ತೊಂದು ನಡೀತಿದೆ. ಯಾಕೆ, ಗಂಡು ಹುಡುಕ್ತಿದ್ದೀಯಾ?"

"ಮುದುಕರನ್ನ ಹುಡುಕ್ತಿದ್ದೀನಿ! ಸಿಕ್ಕಿಬಿಟ್ರಲ್ಲ, ಸದ್ಯ!"

ಅವಳ ಓದಿನಲ್ಲಿ ಒಂದು ವಿಷಯವಿತ್ತು: ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯ ಏನು ತಿನ್ನುತ್ತಾನೆ, ಹೇಗೆ ಬಾಳುತ್ತಾನೆ ಅನ್ನುವುದು. ಬಸುರಿ, ಎಳೆಗೂಸು, ಶಾಲೆಯ ಮಗು, ಹದಿನಾರರ ಹುಡುಗ, ದುಡಿಯುವ ಹೆಂಗಸು, ಅರವತ್ತು ದಾಟಿದವರು, ಹೀಗೆ ಆರು ಜನರನ್ನು ಹಿಡಿದು ನಾಲ್ಕು ತಿಂಗಳು ಬೆನ್ನು ಬೀಳಬೇಕು. ತಿಂಗಳಿಗೆ ಮೂರು ದಿನ, ಎರಡು ಕೆಲಸದ ದಿನ, ಒಂದು ರಜೆಯ ದಿನ, "ನಿನ್ನೆ ಏನು ತಿಂದಿರಿ" ಅಂತ ಕೇಳಿ ಬರೆದುಕೊಳ್ಳಬೇಕು. ತಿಂಗಳಿಗೊಮ್ಮೆ ಮೈತೂಕ, ತೋಳಿನ ಸುತ್ತಳತೆ. ಒಂದು ಸಲ ಅವರ ಮನೆಗೆ ಹೋಗಿ ಅಡುಗೆಮನೆ ನೋಡಿ ಬರಬೇಕು. ಐದು ಜನ ಸಿಕ್ಕಿದ್ದರು, ಆರನೆಯವರು ಸಿಕ್ಕಿರಲಿಲ್ಲ. ಹಿಂದಿನ ವರ್ಷ ಟೈಫಾಯಿಡ್ ಬಂದು ಇದೇ ವಿಷಯದಲ್ಲಿ ಅವಳು ಫೇಲಾಗಿದ್ದಳು. ಎರಡನೇ ಸಲ ಫೇಲಾದರೆ ಹೆಸರು ತೆಗೆದುಹಾಕುತ್ತಾರೆ.

"ಅಮ್ಮ ಆಗಲೇ ಸಾಕು ಬಾರೇ ಅಂತಿದ್ದಾಳೆ ಮಾಮ. ಚಿಕ್ಕಪ್ಪನ ಬಟ್ಟೆ ಅಂಗಡೀಲಿ ಕೂರಿಸ್ತಾರಂತೆ. ದಿನಾ ಪೂರ್ತಿ ಮಡಿಚೋದು, ಬಿಚ್ಚೋದು, ಮಡಿಚೋದು. ನಾನು ಸತ್ತೇ ಹೋಗ್ತೀನಿ."

"ಸಾಯಲ್ಲ ಬಿಡು. ಕೇಳು ಏನ್ ಕೇಳ್ತೀಯೋ."

ಅವಳು ಸ್ಟೂಲು ಎಳೆದುಕೊಂಡು ಕೂತಳು. ಹಾಳೆ ತೆಗೆದಳು. ಪುಸ್ತಕದಲ್ಲಿ ಹೇಳಿಕೊಟ್ಟ ಹಾಗೆ ದನಿ ಬದಲಿಸಿಕೊಂಡು, "ನಿನ್ನೆ ಬೆಳಿಗ್ಗೆ ಎದ್ದ ಮೇಲೆ ಮೊದಲು ಏನು ತಗೊಂಡ್ರಿ?" ಅಂದಳು.

ಬ್ರೆಡ್ಡು, ಚಹಾ ಅಂತ ಹೇಳುವುದಕ್ಕೇ ಅವನು ಬಾಯಿ ತೆರೆದದ್ದು. ಬಾಯಿಂದ ಬಂದದ್ದು ಬೇರೆ.

"ಗಂಜಿ. ಇನ್ನೂರ ಹತ್ತು ಗ್ರಾಂ. ಒಂದು ಮೊಟ್ಟೆ, ಬೇಯಿಸಿದ್ದು, ಸಿಪ್ಪೆ ಬಿಟ್ಟು ನಲವತ್ತೆಂಟು."

ಹುಡುಗಿ ತಲೆ ಎತ್ತಿ ನೋಡಿದಳು. "ಅಬ್ಬಾ! ಮನೇಲೂ ತೂಗ್ತೀರಾ?"

ತೂಗುತ್ತಿದ್ದದ್ದು ಸುಳ್ಳಲ್ಲ. ವಿಭಾಗದವರು ಹಳೆಯದಾಯಿತೆಂದು ಬಿಸಾಡಿದ ತಕ್ಕಡಿಯೊಂದನ್ನು ಅವನು ಮನೆಗೆ ಒಯ್ದು ರಿಪೇರಿ ಮಾಡಿಕೊಂಡಿದ್ದ. ಹೆಂಡತಿ ಬಡಿಸುತ್ತಿದ್ದಳು, ಇವನು ನೋಡಿ ಇಷ್ಟು ಗ್ರಾಂ ಅನ್ನುತ್ತಿದ್ದ, ಆಮೇಲೆ ತಟ್ಟೆ ತಕ್ಕಡಿಗೆ. ಎರಡು ಗ್ರಾಂ ತಪ್ಪಿದರೂ ಅವಳಿಗೆ ಹಬ್ಬ. "ಮೂವತ್ತು ವರ್ಷ ಏನು ಕತ್ತೆ ಕಾಯ್ದ್ರೇನ್ರೀ?" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಆ ತಕ್ಕಡಿ ಕಪಾಟಿನ ಮೇಲೆ ಸೇರಿತ್ತು.

ಅವನು ಹೇಳುತ್ತಾ ಹೋದ. ಮಧ್ಯಾಹ್ನ ಅನ್ನ ಇಷ್ಟು, ಬೇಳೆ ಇಷ್ಟು, ಹುರುಳಿಕಾಯಿ ಇಷ್ಟು. ನಾಲ್ಕು ಗಂಟೆಗೆ ಬಾಳೆಹಣ್ಣು. ರಾತ್ರಿ ಸೊಪ್ಪು, ಮೊಸರು. ಏನೂ ಹುಟ್ಟಿಸಿ ಹೇಳಿದ್ದಲ್ಲ. ಹಿಂದಿನ ವರ್ಷ ಅದೇ ವಾರ, ಅದೇ ದಿನ ಮನೆಯಲ್ಲಿ ಆದ ಅಡುಗೆಯನ್ನೇ ಹೇಳಿದ. ಅವನ ನೆನಪು ಅಂಥದ್ದು. ದಫ್ತರದ ಹಾಗೆ ತೆರೆದರೆ ಪುಟ ಸಿಗುತ್ತಿತ್ತು. ಹೇಳುವಷ್ಟು ಹೊತ್ತು ಅವನಿಗೆ ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ. ಹಾಳೆ ತುಂಬಿದ್ದು ನೋಡಿ, ಒಂದು ಕೆಲಸ ಸರಿಯಾಗಿ ಮುಗಿಯಿತು ಅನ್ನಿಸಿತು, ಅಷ್ಟೆ.

"ಅತ್ತೆ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು ಮಾಮ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ನಿಮ್ಮನ್ನ ನೋಡೇ ಹೇಳಿದ್ದು."

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತಲೂ ಇದೆ. ಅದು ನಿನಗೆ. ಏಳು, ಒಲೇಲಿ ನನ್ನ ಬಟ್ಟಲು ಒಣಗ್ತಾ ಇದೆ."

ಒಂದು ಸಲ ಹೇಳಿದ್ದು ಎರಡನೇ ಸಲಕ್ಕೆ ದಾರಿ ಮಾಡಿತು. ಆ ತಿಂಗಳು ಮೂರು ದಿನ, ಮುಂದಿನ ತಿಂಗಳು ಮೂರು ದಿನ. ಮನೆಗೆ ಬರುತ್ತೇನೆ ಅಂದಾಗ ಮಾತ್ರ ಅವನು ಜಾರಿಕೊಂಡ. ನಿಮ್ಮತ್ತೆ ತನ್ನ ತಂಗಿ ಮನೆಗೆ ಹೋಗಿದ್ದಾಳೆ ಅಂದ ಒಮ್ಮೆ. ಮನೆಗೆ ಸುಣ್ಣ ಬಳಿಸ್ತಿದ್ದೀವಿ ಅಂದ ಇನ್ನೊಮ್ಮೆ. ಹುಡುಗಿಗೂ ಹೊತ್ತು ಸಾಲದು. ಬಸುರಿಯೊಬ್ಬಳು ತಿಂಗಳು ತುಂಬುವ ಮೊದಲೇ ಹೆತ್ತು ಕೂತಿದ್ದಳು, ಹದಿನಾರರ ಹುಡುಗ ಕೈಗೇ ಸಿಗುತ್ತಿರಲಿಲ್ಲ. ಕೊನೆಗೆ ಅವಳೇ ಅಂದಳು, "ಮಾಮ, ನೀವೇ ಹೇಳಿಬಿಡಿ. ಒಲೆ ಎಷ್ಟು ಉರಿದು? ಕುಡಿಯೋ ನೀರು ಮುಚ್ಚಿಡ್ತೀರಾ? ಕಿಟಕಿ ಇದೆಯಾ? ನಾನು ನೋಡಿದೆ ಅಂತ ಬರ್ಕೋತೀನಿ. ಯಾರು ಬಂದು ನೋಡ್ತಾರೆ?"

ಅವನು ಹೇಳಿದ. ಅವಳು ಬರೆದುಕೊಂಡಳು, ಕೆಳಗೆ ತಾರೀಖು ಹಾಕಿ ಸಹಿ ಮಾಡಿದಳು.

ಮೈತೂಕ ಮಾತ್ರ ಬಾಯಿಂದ ಹೇಳುವಂಥದಲ್ಲ. ಮೊದಲ ತಿಂಗಳು ಐವತ್ತೆಂಟು ಕಿಲೋ ನಾನೂರು. ಎರಡನೆಯ ತಿಂಗಳು ಐವತ್ತಾರು ಒಂಬೈನೂರು. ಮೂರನೆಯ ತಿಂಗಳು ಐವತ್ನಾಲ್ಕು ಆರುನೂರು. ಪ್ರತಿ ಸಲವೂ ಅವನೇ ಬಗ್ಗಿ ಅಂಕಿ ಓದಿ ಹೇಳಿದ, ಯಾವುದೋ ಮೂಟೆಯದ್ದು ಓದಿದ ಹಾಗೆ. ಹುಡುಗಿಯ ಮುಖ ಬಾಡಿತು.

"ಮಾಮ, ಇಷ್ಟು ತಿಂದೂ ಹೀಗೆ ಇಳೀತಿದೀರಲ್ಲ. ಒಳಗೆ ಏನೋ ಇದೆ. ದೊಡ್ಡಾಸ್ಪತ್ರೆಗೆ ಹೋಗೋಣ ನಡೀರಿ."

"ಏನೂ ಇಲ್ಲ ಕಣಮ್ಮ."

"ಏನೂ ಇಲ್ಲ ಅಂತ ಹೇಳೋಕೆ ನೀವೇನು ಡಾಕ್ಟರಾ?"

ಅವನು ಹೋದ. ಬೇಡ ಅನ್ನುವುದಕ್ಕೂ ಒಂದಿಷ್ಟು ಕಸುವು ಬೇಕಲ್ಲ, ಅದು ಅವನಲ್ಲಿರಲಿಲ್ಲ. ರಕ್ತ ಕೊಟ್ಟ, ಮೂತ್ರ ಕೊಟ್ಟ, ತಣ್ಣನೆಯ ಹಲಗೆಗೆ ಎದೆ ಒತ್ತಿ ಉಸಿರು ಹಿಡಿದು ನಿಂತ. ಹುಡುಗಿ ಕ್ಲಾಸು ತಪ್ಪಿಸಿ ಎರಡು ಬೆಳಿಗ್ಗೆ ಅವನ ಜೊತೆ ಬೆಂಚಿನ ಮೇಲೆ ಕೂತಳು. ಇಲ್ಲದ ರೋಗವನ್ನು ಅಷ್ಟು ಜನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದರೆ, ಅವನು ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ಕೂತಿದ್ದ. ಈಗ ಹೇಳಬಹುದು ಅನ್ನಿಸಿತು ಒಮ್ಮೆ. ಅಷ್ಟರಲ್ಲಿ ನರ್ಸು ಅವನ ಸರದಿ ಕೂಗಿದಳು. ಎಲ್ಲ ಕಾಗದವೂ ಸರಿಯಾಗಿಯೇ ಬಂದವು. ರಕ್ತ ಸ್ವಲ್ಪ ಕಮ್ಮಿ, ಅಷ್ಟೆ.

ಆಮೇಲೆ ಹುಡುಗಿಯ ಅಲ್ಲಿಯವರೆಗಿನ ಮೂರು ತಿಂಗಳ ಹಾಳೆಗಳು ದೊಡ್ಡ ಮೇಡಂ ಮೇಜಿಗೆ ಹೋದವು. ದೊಡ್ಡ ಮೇಡಂ ವಿಭಾಗದ ಮುಖ್ಯಸ್ಥೆ. ಮೂವತ್ತು ವರ್ಷದ ಹಿಂದೆ ಇದೇ ತೂಕದ ಕೋಣೆಗೆ ಬಟ್ಟಲು ಹಿಡಿದು ಬರುತ್ತಿದ್ದ ವಿದ್ಯಾರ್ಥಿನಿ; ಅವನನ್ನು ಅಣ್ಣ ಅನ್ನುವವರು ಅವರೊಬ್ಬರೇ. ಕೆಲಸದಲ್ಲಿ ಮಾತ್ರ ಮೊಸರಲ್ಲಿ ಕಲ್ಲು ಹುಡುಕುವ ಜಾತಿ. ಆ ವರ್ಷ ಬೇಸಿಗೆ ರಜೆ ತಡವಾಗಿತ್ತು, ಇನ್ನೂ ಶುರುವಾಗಿರಲಿಲ್ಲ. ಒಂದು ಸೋಮವಾರ ಇಬ್ಬರಿಗೂ ಕರೆ ಬಂತು.

"ಇಪ್ಪತ್ತೈದು ವರ್ಷದಿಂದ ಈ ವಿಷಯ ಪಾಠ ಮಾಡ್ತಿದ್ದೀನಿ," ಅಂದರು ಮೇಡಂ, ಹಾಳೆ ತಿರುವುತ್ತಾ. "ನಿನ್ನೆ ತಿಂದದ್ದನ್ನ ಜನ ಗ್ರಾಂ ಲೆಕ್ಕದಲ್ಲಿ ಹೇಳಲ್ಲ. ಒಂದು ಬಟ್ಟಲು ಅಂತಾರೆ, ಇಷ್ಟಗಲ ಅಂತ ಕೈ ತೋರಿಸ್ತಾರೆ, ಒಂದು ಮರೀತಾರೆ, ಒಂದು ನಾಚಿಕೊಂಡು ಬಿಡ್ತಾರೆ. ಇಲ್ಲಿ ಒಂಬತ್ತು ದಿನ ಒಂದೇ ಒಂದು ಮರೆವಿಲ್ಲ. ಇಷ್ಟು ಉಂಡ ಮನುಷ್ಯ ತೂಕ ಕಳಕೊಳ್ತಿದ್ದಾನೆ, ಆಸ್ಪತ್ರೇಲಿ ರೋಗವೂ ಸಿಗಲಿಲ್ಲ. ಹಾಸ್ಟೆಲ್ಲಿನ ಮೇಜಿನ ಮೇಲೆ ಕೂತು ಬರೆದದ್ದು ತಾನೆ ಇದು?"

"ಇಲ್ಲ ಮೇಡಂ! ಮಾಮನೇ ಹೇಳಿದ್ದು. ಕೇಳಿ ಬೇಕಾದ್ರೆ!"

"ಅಣ್ಣ, ನೀವು ಹೇಳಿದ್ರಾ?"

"ನಾನೇ ಹೇಳಿದ್ದು ಮೇಡಂ."

"ಗ್ರಾಂ ಸಮೇತ?"

"ಗ್ರಾಂ ಸಮೇತ."

ಮೇಡಂ ಅವನನ್ನೇ ನೋಡಿದರು. ಹುಡುಗಿಯ ಮೇಲಿನ ಕನಿಕರಕ್ಕೆ ಹೇಳುತ್ತಿದ್ದಾನೆ ಅಂತ ಅವರಿಗೆ ಅನ್ನಿಸಿರಬೇಕು. "ನಿಮ್ಮ ಅಡುಗೆಮನೆ ನೋಡೋಕೆ ಬಂದಿದ್ಲಾ ಇವಳು? ಬಂದಿದ್ದೆ ಅಂತ ಸಹಿ ಹಾಕಿದ್ದಾಳೆ."

ಹುಡುಗಿ ಅವನ ಕಡೆ ತಿರುಗಿದಳು. ಆ ನೋಟ ಅವನಿಗೆ ಅರ್ಥವಾಯಿತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮೂವತ್ತೊಂದು ವರ್ಷ ಅದೇ ಮೇಜಿನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಭ್ಯಾಸ.

"ಇಲ್ಲ ಮೇಡಂ. ಬಂದಿಲ್ಲ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಶುಕ್ರವಾರ ಸಮಿತಿ ಕೂರುತ್ತೆ. ಅದಕ್ಕೆ ಮುಂಚೆ, ಗುರುವಾರ ಮಧ್ಯಾಹ್ನ, ಇವಳನ್ನ ಕರಕೊಂಡು ನಾನೇ ನಿಮ್ಮ ಮನೆಗೆ ಬರ್ತೀನಿ. ಅಡುಗೆಮನೆ ನೋಡ್ತೀನಿ, ಅತ್ತಿಗೇನ ಕೇಳ್ತೀನಿ. ಅವರು ಹೌದು ಅಂದ್ರೆ ಹೌದು. ಇಲ್ಲ ಅಂದ್ರೆ ಇವಳ ಓದು ಅಲ್ಲಿಗೆ ನಿಂತ ಹಾಗೆ."

ಹೊರಗೆ ಬಂದಾಗ ಹುಡುಗಿಯ ಕೆನ್ನೆ ಕೆಂಪಾಗಿತ್ತು. "ಬಂದಿದ್ಲು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮಾಮ?"

ಸುಳ್ಳು ಹೇಳೋಕೆ ಬರಲ್ಲ ನನಗೆ ಅನ್ನುವ ಮಾತು ತುಟಿಯ ತನಕ ಬಂತು. ಅಲ್ಲೇ ನಿಂತಿತು.

"ಹೋಗ್ಲಿ ಬಿಡಿ," ಅಂದಳು ಅವಳೇ, ಮೂಗು ಒರೆಸಿಕೊಂಡು. "ಅತ್ತೆ ಇದ್ದಾರಲ್ಲ. ಅತ್ತೆ ಹೇಳ್ತಾರೆ. ನಾನೊಬ್ಬಳು ಹೆದರಿ ಸಾಯ್ತಿದ್ದೀನಿ."

ಬುಧವಾರ ಸಂಜೆ ಅವನ ನಾದಿನಿ ಬಂದಳು. ಹೆಂಡತಿಯ ತಂಗಿ, ಎರಡು ಬೀದಿ ಆಚೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸ. ವಾರಕ್ಕೆ ಒಂದೆರಡು ಸಲ ಡಬ್ಬಿಯಲ್ಲಿ ಊಟ ತಂದು ಕೊಡುತ್ತಿದ್ದಳು. ಡಬ್ಬಿ ತೊಳೆದು ವಾಪಸು ಬರುತ್ತಿತ್ತು. ಒಳಗಿದ್ದದ್ದು ಮೇಲಿನ ಮನೆಯ ದರ್ಜಿಯ ಹೊಟ್ಟೆ ಸೇರುತ್ತಿತ್ತು. ಅವಳಿಗೆ ಅದು ಗೊತ್ತು, ಗೊತ್ತು ಅನ್ನುವುದು ಇವನಿಗೂ ಗೊತ್ತು.

"ದರ್ಜಿ ಚೆನ್ನಾಗಿದ್ದಾನಾ ಭಾವ? ಹೋದ ವಾರ ಉಪ್ಪು ಜಾಸ್ತಿ ಆಗಿತ್ತು, ಏನಾದ್ರೂ ಅಂದ್ನಾ?" ಅನ್ನುತ್ತಾ ಒಳಗೆ ಬಂದಳು.

ಅವನು ಎಲ್ಲವನ್ನೂ ಹೇಳಿದ. ಹುಡುಗಿ ಕೇಳಿದ್ದು, ತಾನು ಹೇಳಿದ್ದು, ಆಸ್ಪತ್ರೆ, ಮೇಡಂ, ನಾಳೆ ಮಧ್ಯಾಹ್ನ. ಹವಾಮಾನ ಹೇಳಿದ ಹಾಗೆ ಹೇಳಿದ. ನಾದಿನಿ ಇಂಗು ತಿಂದ ಮಂಗನ ಹಾಗೆ ಕೂತು ಕೇಳಿದಳು.

"ಒಂದು ವರ್ಷದ ಹಿಂದಿನ ಊಟ ಹೇಳಿದ್ರಾ? ಅಕ್ಕ ಮಾಡಿದ್ದು?"

"ಹೂಂ."

"ತೂಕ ಹಾಕಿ?"

"ಹೂಂ."

ಅವಳು ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. "ಹೀಗೆ ಮಾಡೋಣ. ನಾಳೆ ನಾನು ರಜೆ ಹಾಕ್ತೀನಿ. ಈ ಪಾತ್ರೆಯೆಲ್ಲ ಬೆಳಗಿ ಇಡ್ತೀನಿ. ಅಕ್ಕನ ಕನ್ನಡಕ ಹಾಕ್ಕೊಂಡು ಒಲೆ ಮುಂದೆ ನಿಂತ್ರೆ ಯಾರಿಗೆ ಗೊತ್ತಾಗುತ್ತೆ? ಆ ಮೇಡಂ ಅಕ್ಕನ್ನ ನೋಡಿದ್ದಾರಾ?"

"ಒಂದೇ ಸಲ. ಇಪ್ಪತ್ತು ವರ್ಷದ ಹಿಂದೆ."

"ಮತ್ತಿನ್ನೇನು! ಹೌದು, ನಾನೇ ಬೇಯಿಸ್ದೆ, ಇವರೇ ತೂಗಿದ್ರು ಅಂತೀನಿ. ಹುಡುಗಿ ಪಾಸಾಗ್ತಾಳೆ, ನಿಮ್ಮ ಮಾನ ಉಳಿಯುತ್ತೆ."

ಅವಳು ತಮಾಷೆಗೆ ಶುರು ಮಾಡಿದ್ದು. ಹೇಳುತ್ತಾ ಹೇಳುತ್ತಾ ನಿಜವಾಗಿಯೇ ಆಗಬಹುದು ಅನ್ನಿಸಿತು. ಅವನೂ ಯೋಚಿಸಿದ. ಆಗುತ್ತಿತ್ತು. ಹುಡುಗಿಗೂ ಅನುಕೂಲ. ಮೂವತ್ತೊಂದು ವರ್ಷದ ಹೆಸರಿಗೂ ಧಕ್ಕೆ ಇಲ್ಲ. ನಿವೃತ್ತಿಗೆ ಉಳಿದದ್ದು ಏಳು ತಿಂಗಳು.

"ಆಮೇಲೆ?" ಅಂದ.

"ಆಮೇಲೆ ಏನು?"

"ಮೇಡಂ ಮುಂದೆಯೂ ಕೇಳ್ತಾರಲ್ಲ. ಅತ್ತಿಗೆ ಹೇಗಿದ್ದಾರೆ ಅಂತ."

"ಚೆನ್ನಾಗಿದ್ದಾಳೆ ಅನ್ನಿ. ಏಳು ತಿಂಗಳು ಬದುಕಿಸಿ. ಆಮೇಲೆ ಒಂದು ದಿನ ನೋಡ್ಕೊಂಡು ಸಾಯಿಸಿ." ಅವಳ ದನಿ ಅಲ್ಲಿ ಸೀಳಿತು. "ಎಷ್ಟು ಸಲ ಸಾಯಬೇಕು ಭಾವ ಅವಳು?"

ಅಳುತ್ತಾಳೇನೋ ಅಂದುಕೊಂಡ. ಅವಳು ಅಳಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, "ಉಪ್ಪು ತಿಂದವರು ನೀರು ಕುಡೀಬೇಕು. ನೋಡಿ, ನಿಮಗೆ ಬಿಟ್ಟದ್ದು. ನಾನು ಬರಬೇಕಾದ್ರೆ ಬೆಳಿಗ್ಗೆಯೊಳಗೆ ಹೇಳಿಕಳಿಸಿ" ಅಂದು ಹೋದಳು.

ಬೆಳಿಗ್ಗೆ ಅವನು ಹೇಳಿಕಳಿಸಲಿಲ್ಲ. ಸತ್ಯ ಹೇಳಬೇಕೆಂಬ ಛಲ ಬಂದು ಅಲ್ಲ. ಕನ್ನಡಕ ಎಲ್ಲಿದೆ ಅಂತ ಹುಡುಕಿದ, ಗೂಡಿನಲ್ಲೇ ಇತ್ತು. ಕೈಗೆ ತೆಗೆದುಕೊಂಡ. ಒಂದು ಗಾಜಿನ ಮೇಲೆ ಹಿಟ್ಟಿನ ಬೆರಳಿನ ಗುರುತು ಹಾಗೇ ಇತ್ತು. ಅದನ್ನು ನಾದಿನಿಯ ಮೂಗಿನ ಮೇಲೆ ಇಡುವುದು ಹೇಗೆ ಅಂತ ತಿಳಿಯಲಿಲ್ಲ. ಇದ್ದಲ್ಲೇ ಇಟ್ಟು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತ.

ಎರಡು ಗಂಟೆಗೆ ಅವರು ಬಂದರು. ಹುಡುಗಿ ಮೆಟ್ಟಿಲ ಮೇಲಿಂದಲೇ, "ಅತ್ತೇ" ಅಂತ ಕೂಗಿಕೊಂಡು ಬಂದಳು. ಮೇಡಂ ಹಿಂದೆ ಬಂದರು, ಕೈಯಲ್ಲಿ ಹಾಳೆಯ ಕಟ್ಟು.

"ಅಡುಗೆಮನೆ ಈ ಕಡೆ," ಅಂದ ಅವನು.

ಒಲೆ ಎರಡು ಉರಿಯದ್ದೇ, ಹುಡುಗಿ ಬರೆದ ಹಾಗೆಯೇ. ಕಿಟಕಿಯೂ ಇತ್ತು. ಒಂದು ಉರಿಯ ಮೇಲೆ ಚಹಾದ ಪಾತ್ರೆ, ಇನ್ನೊಂದರ ಮೇಲೆ ಏನೂ ಇಲ್ಲ, ಅದರ ತೂತುಗಳಿಗೆ ಧೂಳು ತುಂಬಿತ್ತು. ದೊಡ್ಡ ಪಾತ್ರೆಗಳೆಲ್ಲ ಹಲಗೆಯ ಮೇಲೆ ಬೋರಲಾಗಿದ್ದವು. ಮೇಡಂ ಒಂದನ್ನು ಎತ್ತಿದರು. ಹಲಗೆಯ ಮೇಲೆ ದುಂಡಗೆ ಸ್ವಚ್ಛ ಗುರುತು, ಸುತ್ತ ಬೂದು. ಡಬ್ಬಗಳ ಮುಚ್ಚಳ ತೆಗೆದರು. ಬೇಳೆಗೆ ಹುಳ ಬಿದ್ದಿತ್ತು. ಸಿಂಕಿನಲ್ಲಿ ಒಂದು ಲೋಟ, ಒಂದು ಚಮಚ.

"ಅತ್ತೆ ಎಲ್ಲಿ ಮಾಮ?" ಅಂದಳು ಹುಡುಗಿ. ಅಷ್ಟರಲ್ಲಿ ಅವಳ ದನಿಗೇ ಗೊತ್ತಾಗಿತ್ತು.

"ಇಲ್ಲ," ಅಂದ. "ಹೋದ ವರ್ಷ ರಜೇಲಿ ತೀರಿಕೊಂಡಳು. ಈ ಬರೋ ಭಾನುವಾರಕ್ಕೆ ವರ್ಷ. ಇವಳು ಏನೂ ಹುಟ್ಟಿಸಿ ಬರೆದಿಲ್ಲ ಮೇಡಂ. ನಾನು ಹೇಳಿದ್ದನ್ನೇ ಬರೆದಳು. ನಾನು ಹೇಳಿದ್ದು ಹೋದ ವರ್ಷದ್ದು."

ಅಷ್ಟೇ ಮಾತು. ಒಂಬತ್ತು ತಿಂಗಳು, ಅದರ ಮೇಲೆ ಮೂರು ತಿಂಗಳು ಹೇಳದೆ ಇಟ್ಟುಕೊಂಡದ್ದು. ಎದೆ ಹಗುರಾಗುತ್ತೆ ಅಂತಾರೆ, ಹಗುರಾಗಲಿಲ್ಲ. ಭಾರವೂ ಆಗಲಿಲ್ಲ. ಮೇಲಿನ ಮನೆಯಲ್ಲಿ ದರ್ಜಿಯ ಮೆಷಿನ್ನು ಓಡುತ್ತಿತ್ತು, ಅದು ಕೇಳಿಸಿತು.

ಮೇಡಂ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. "ಅಣ್ಣ, ಮೊನ್ನೆ ಹೊಸ ವರ್ಷದಲ್ಲೂ ಕೇಳಿದ್ನಲ್ಲ ನಾನು. ಮನೇಲಿ ಚೆನ್ನಾಗಿದ್ದಾರಾ ಅಂತ."

"ಕೇಳಿದ್ರಿ."

"ಹೂಂ ಅಂದ್ರಿ."

"ಅಂದೆ."

ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ರೇಡಿಯೋ ನಿಂತುಹೋಗಿತ್ತು. ಮೇಡಂ ಹಾಳೆಯ ಕಟ್ಟಿನಿಂದ ಖಾಲಿ ಹಾಳೆಯೊಂದನ್ನು ಎಳೆದು ಅವಳ ಕೈಗೆ ಕೊಟ್ಟರು.

"ಕೇಳು."

"ಏನು ಮೇಡಂ?"

"ನಿನ್ನೆಯದ್ದು ಕೇಳು. ಮೊದಲಿಂದ."

"ಈಗಲಾ?"

"ಈಗಲೇ."

ಹುಡುಗಿ ಕೂರಲಿಲ್ಲ. ನಿಂತೇ ಕೇಳಿದಳು. ದನಿ ಬದಲಿಸಿಕೊಳ್ಳಲೂ ಇಲ್ಲ. "ನಿನ್ನೆ ಎದ್ದ ಮೇಲೆ ಮೊದಲು ಏನು ತಗೊಂಡ್ರಿ?"

"ಚಹಾ."

"ಸಕ್ಕರೆ?"

"ಹಾಕಿದ್ದೆ."

"ಎಷ್ಟು ಗ್ರಾಂ?"

ಅವನು ಬಾಯಿ ತೆರೆದ. ಅಂಕಿ ಸಿಗಲಿಲ್ಲ. ಹುಡುಕಿದ, ಆ ಪುಟದಲ್ಲಿ ಏನೂ ಬರೆದಿರಲಿಲ್ಲ. "ಗೊತ್ತಿಲ್ಲ," ಅಂದ.

"ಜೊತೆಗೆ?"

"ಬ್ರೆಡ್ಡು. ಒಂದು... ಎರಡಿರಬೇಕು. ಒಂದೋ ಏನೋ."

"ಮಧ್ಯಾಹ್ನ?"

"ತಿಂದೆನೋ ಇಲ್ಲವೋ ನೆನಪಿಲ್ಲಮ್ಮ."

"ರಾತ್ರಿ?"

"ನಾದಿನಿ ಡಬ್ಬಿ ತಂದಿದ್ದಳು."

"ತಿಂದ್ರಾ?"

"ದರ್ಜಿಗೆ ಕೊಟ್ಟೆ."

ಹುಡುಗಿ ಬರೆದುಕೊಂಡಳು. ಪೆನ್ನು ಹಾಳೆ ಹರಿಯುವ ಹಾಗೆ ಒತ್ತಿತ್ತು. ಮೇಡಂ ಆ ಹಾಳೆಯನ್ನು ತೆಗೆದುಕೊಂಡು ನೋಡಿದರು. ಅರ್ಧಕ್ಕರ್ಧ ಖಾಲಿ, ಅಲ್ಲಲ್ಲಿ ಗೊತ್ತಿಲ್ಲ, ನೆನಪಿಲ್ಲ. ಇಪ್ಪತ್ತೈದು ವರ್ಷದಿಂದ ಅವರು ನೋಡುತ್ತಾ ಬಂದ ಹಾಳೆಗಳು ಹೀಗೇ ಇರುತ್ತಿದ್ದವು.

"ಇದು ನಿಜ," ಅಂದರು ಮೇಡಂ. ಆ ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು.

ಹುಡುಗಿ ಬಾಗಿಲಲ್ಲಿ ತಿರುಗಿ ನಿಂತಳು. "ಎರಡು ದಿನ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ ಮಾಮ. ನೀವು ಸಾಯ್ತೀರೇನೋ ಅಂತ. ನನ್ನ ಪಕ್ಕದಲ್ಲೇ ಕೂತಿದ್ರಿ ನೀವು. ತುಟಿ ಪಿಟಕ್ ಅನ್ನಲಿಲ್ಲ."

ಉತ್ತರಕ್ಕೆ ಕಾಯದೆ ಹೊರಟುಹೋದಳು.

ಶುಕ್ರವಾರ ಸಮಿತಿ ಕೂತಿತು. ಮೇಡಂ ಆ ಹಾಳೆ ತೋರಿಸಿದರು. ಹುಡುಗಿಯ ಹೆಸರು ಉಳಿಯಿತು. ನೋಡದ ಅಡುಗೆಮನೆಗೆ ಸಹಿ ಹಾಕಿದ್ದಕ್ಕೆ ಆ ಭಾಗಕ್ಕೆ ಸೊನ್ನೆ ಕೊಟ್ಟರು. ಒಂಬತ್ತು ದಿನದ ಹಾಳೆ ತೆಗೆದುಹಾಕಿ, ಮೂರು ವಾರದಲ್ಲಿ ಇನ್ನೊಬ್ಬ ಮುದುಕರನ್ನು ಹಿಡಿದು ಮುಗಿಸು ಅಂದರು. ಅವಳು ಗೇಟು ಕಾಯುವವನನ್ನು ಹಿಡಿದಳು. ನಿನ್ನೆ ಏನು ತಿಂದ್ರಿ ಅಂದರೆ ಅವನು, "ನನ್ನನ್ನೇನು ಕೇಳ್ತೀಯ, ಹಾಕಿದವಳನ್ನ ಹೋಗಿ ಕೇಳು" ಅನ್ನುತ್ತಿದ್ದ. ಆದರೂ ಹೇಗೋ ಮುಗಿಯಿತು. ಪಾಸಾದಳು, ಅಂಕ ಹೇಳಿಕೊಳ್ಳುವಂಥದಲ್ಲ, ಪಾಸಂತೂ ಹೌದು.

ಸಮಿತಿಯಲ್ಲಿ ಒಬ್ಬರು ಇನ್ನೊಂದು ಮಾತು ಎತ್ತಿದ್ದರು. ಮೂರು ತಿಂಗಳು ಇಲ್ಲದ ತೂಕ ಹೇಳಿದವನು, ದಫ್ತರದಲ್ಲಿ ಬರೆದದ್ದು ಸರಿ ಅನ್ನುವುದು ಹೇಗೆ? ಆ ವರ್ಷ ಅವನು ತೂಗಿ ಒಣಗಿಸಿ ಇಟ್ಟಿದ್ದ ಅರವತ್ತು ಬಟ್ಟಲನ್ನು ಬೇರೆ ಇಬ್ಬರು ಕೂತು ಮತ್ತೆ ತೂಗಿದರು. ಒಂದೂ ತಪ್ಪಿರಲಿಲ್ಲ. ಆದರೆ ಎತ್ತಿದ ಮಾತು ಎತ್ತಿದ ಮೇಲೆ ಇಳಿಯುವುದಿಲ್ಲ. ತೂಕದ ಕೋಣೆಯ ಬೀಗದ ಕೈ ಕಚೇರಿಯಲ್ಲಿರಲಿ, ದಫ್ತರಕ್ಕೆ ಬೇರೆಯವರು ಸಹಿ ಹಾಕಲಿ ಅಂತ ತೀರ್ಮಾನವಾಯಿತು. ಮೇಡಂ ತಾವೇ ಬಂದು ಹೇಳಿದರು.

"ಅಣ್ಣ, ಇದು ನನ್ನ ಮಾತಲ್ಲ. ಸಮಿತಿ ಮಾತು."

"ಆಗಲಿ ಮೇ‌ಡಂ."

"ನಿವೃತ್ತಿ ತನಕ ಕಚೇರೀಲಿ ಕೂತಿರಿ. ಸಂಬಳಕ್ಕೇನೂ ತೊಂದರೆ ಇಲ್ಲ."

"ಆಗಲಿ."

ಬೀಗದ ಕೈ ಕೊಟ್ಟ. ಗುಮಾಸ್ತನ ಕೋಣೆಯ ಹೊರಗೆ ಒಂದು ಕುರ್ಚಿ ಹಾಕಿದರು, ಅಲ್ಲಿ ಕೂತ. ಹಾದು ಹೋಗುವವರು, "ಅತ್ತೆ ವಿಷಯ ಕೇಳಿದ್ವಿ ಮಾಮ, ಒಂದು ಮಾತು ಹೇಳಬಾರದಿತ್ತಾ?" ಅನ್ನುತ್ತಿದ್ದರು. ಎರಡು ವಾರ ಎಲ್ಲರೂ ಅಂದರು. ಆಮೇಲೆ ಯಾರೂ ಅನ್ನಲಿಲ್ಲ. ಒಂದು ಸಂಜೆ ನಾದಿನಿ ಬಂದು ಡಬ್ಬಿ ಬಿಚ್ಚಿ ಎದುರಿಗೇ ಕೂತಳು. ಮೇಲೆ ದರ್ಜಿ ಮನೆಯಲ್ಲಿಲ್ಲ ಅಂತ ಮೊದಲೇ ನೋಡಿಕೊಂಡು ಬಂದಿದ್ದಳು. ಅವನು ತಿಂದ. ರುಚಿ ಏನೂ ಗೊತ್ತಾಗಲಿಲ್ಲ, ಆದರೂ ತಿಂದ. "ನಮ್ಮನೆ ಹಿಂದಿನ ಕೋಣೆ ಖಾಲಿ ಇದೆ ಭಾವ. ಬಂದುಬಿಡಿ. ದಿನಾ ಎರಡು ಬೀದಿ ಡಬ್ಬಿ ಹೊತ್ತು ನನ್ನ ಕಾಲು ಸೋತಿದೆ" ಅಂದಳು. ನೋಡೋಣ ಅಂದ. ನೋಡುವುದೇನೂ ಉಳಿದಿರಲಿಲ್ಲ. ಏಳು ತಿಂಗಳು ಕುರ್ಚಿಯ ಮೇಲೆ ಕೂರುವುದಕ್ಕಿಂತ ಬಿಡುವುದೇ ಸರಿ ಅಂತ ಒಂದು ಅರ್ಜಿ ಬರೆದುಕೊಟ್ಟ.

ಫಲಿತಾಂಶ ಬಂದ ವಾರ ಹುಡುಗಿ ಕುರ್ಚಿಯ ಹತ್ತಿರ ಬಂದು ನಿಂತಳು. ಒಂದು ತಿಂಗಳಿಂದ ಮಾತಾಡಿರಲಿಲ್ಲ. ಎಲ್ಲೋ ದೂರದ ಊರಿನ ತಾಯಿ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು.

"ನನಗೆ ಕೋಪ ಇಳಿದಿಲ್ಲ ಮಾಮ," ಅಂದಳು.

"ಇಳಿಸ್ಕೋಬೇಡ ಬಿಡು. ನ್ಯಾಯವಾದ ಕೋಪವೇ."

"ನೀವು ಒಂದು ಸಲ ಅಳ್ತೀರೇನೋ ಅಂತ ನೋಡಿದೆ ಅವತ್ತು."

"ನಾನೂ ನೋಡಿದೆ," ಅಂದ ಅವನು. "ಬರಲಿಲ್ಲ ಕಣಮ್ಮ."

ಅವಳು ಇನ್ನೇನೋ ಹೇಳುವವಳಿದ್ದಳು. ಗೆಳತಿಯರು ಹೊರಗಿಂದ ರೇಡಿಯೋ, ರೇಡಿಯೋ ಅಂತ ಕೂಗಿದರು. ಅವನ ಭುಜವನ್ನು ಒಂದು ಸಲ ಮುಟ್ಟಿ, ಮೂಳೆ ಕೈಗೆ ತಾಗಿದ್ದಕ್ಕೋ ಏನೋ ಮುಖ ಕಿವುಚಿ, ಓಡಿದಳು.

ಹುಡುಗಿ ಹೋದದ್ದು ಶನಿವಾರ, ಮಧ್ಯಾಹ್ನದ ಬಸ್ಸಿಗೆ. ತಕ್ಕಡಿ ಮಾಮ ವಿಭಾಗ ಬಿಟ್ಟು ನಾದಿನಿಯ ಮನೆಯ ಹಿಂದಿನ ಕೋಣೆಗೆ ಹೋದದ್ದು ಅದಾದ ಮೇಲಿನ ಬುಧವಾರ.